ಪಿಎಚ್ 5.5ರ ಪಾಠ ತಡವಾಗಿ ಬರುತ್ತಿದೆ

ಬೋಧನಾಭ್ಯಾಸಕ್ಕೆಂದು ಬನಶಂಕರಿಯ ಒಂದು ಪ್ರೌಢಶಾಲೆಗೆ ಹೋದಾಗ ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ನನ್ನ ಪಾಲಿಗೆ ಬಂತು. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್ ಕರಗತೊಡಗುತ್ತದೆ ಎಂಬ ಅಂಶಕ್ಕೆ ಪಾಠಯೋಜನೆಯಲ್ಲಿ ನಾನು ಕೊಟ್ಟದ್ದು ನಾಲ್ಕು ನಿಮಿಷ. ಹೇಳಿದೆ, ಬರೆದೆ, ಒಬ್ಬರಿಂದ ಹೇಳಿಸಿದೆ. ಕಲಿಕಾ ಫಲ ಈಡೇರಿತೆಂದು ಗುರುತೂ ಹಾಕಿಕೊಂಡೆ.

ಕೊನೆಯಲ್ಲಿ, ಕೆನ್ನೆ ಹಿಡಿದು ಕೂತಿದ್ದ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಲವಂಗ ಇಟ್ಕೊಂಡ್ರೆ ಪಿಎಚ್ ಸರಿ ಹೋಗತ್ತಾ?" ನನಗೆ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಲವಂಗದಲ್ಲಿರುವ ಯೂಜಿನಾಲ್ ನರವನ್ನು ಮರಗಟ್ಟಿಸುತ್ತದೆ, ಹುಳುಕನ್ನು ನಿಲ್ಲಿಸುವುದಿಲ್ಲ ಎಂದು ಓದಿಕೊಂಡು ಹೋದರೆ ಅವಳು ಬಂದಿರಲಿಲ್ಲ. ಮೂರು ದಿನ ಬಿಟ್ಟು ಬಂದಳು. ಕಿರುಪರೀಕ್ಷೆ ತಪ್ಪಿತ್ತು, ಕೆಳದವಡೆಯ ಒಂದು ಹಲ್ಲು ಹೋಗಿತ್ತು.

ಅವಳು ಕಳೆದುಕೊಂಡದ್ದು ಮೊದಲ ಶಾಶ್ವತ ದವಡೆಹಲ್ಲು. ಇದು ಸುಮಾರು ಆರನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಮೂಡುತ್ತದೆ. ಇದು ಬರಲು ಯಾವ ಹಲ್ಲೂ ಬೀಳಬೇಕಿಲ್ಲ. ಹಾಗಾಗಿ ಮನೆಯವರು ಇದನ್ನೂ ಹಾಲುಹಲ್ಲೆಂದೇ ತಿಳಿದು, ಹುಳುಕಾದರೆ "ಬಿದ್ದು ಹೊಸದು ಬರತ್ತೆ ಬಿಡು" ಎನ್ನುತ್ತಾರೆ. ಹೊಸದು ಬರುವುದಿಲ್ಲ. ಇದರ ಮೇಲ್ಮೈಯ ಆಳವಾದ ಗೆರೆಗಳಲ್ಲಿ ಊಟದ ಚೂರು ಕೂರುವುದೂ ಸುಲಭ. ನಾವು ಪಿಎಚ್ ಬಗ್ಗೆ ಬಾಯಿ ತೆರೆಯುವ ಹೊತ್ತಿಗೆ ಈ ಹಲ್ಲಿಗೆ ಒಂಬತ್ತು ವರ್ಷ ತುಂಬಿರುತ್ತದೆ. ಪಾಠ ತಪ್ಪಲ್ಲ, ತಡ.

ಹುಳುಕು ಎಂಬ ಮಾತೇ ಮಕ್ಕಳಿಗೆ ಹುಳವನ್ನು ನೆನಪಿಸುತ್ತದೆ. ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೈಗಳು ಹುಳದ ಪರವಾಗಿಯೇ ಎದ್ದವು. ಅದನ್ನು ಅಳಿಸಲು ಎಂಜಲಿಗೆ ಪಿಎಚ್ ಕಾಗದ ಅದ್ದಿಸಿ, ಕಡಲೆಚಿಕ್ಕಿ ತಿನ್ನಿಸಿ, ಮತ್ತೆ ಅದ್ದಿಸಿದೆ. ಬಣ್ಣ ಹೆಚ್ಚು ಬದಲಾಗಲಿಲ್ಲ. ಮೇಲ್ವಿಚಾರಕರು ಹಿಂದೆ ಕೂತು ನೋಡುತ್ತಿದ್ದರು! ಆಮ್ಲ ಹುಟ್ಟುವುದು ಹಲ್ಲಿಗೆ ಅಂಟಿದ ಪಾಚಿಯಂಥ ಪದರದೊಳಗೆ, ಅಲ್ಲಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲವಾಗಿಸಿದಾಗ. ಹೊರಗಿನ ಎಂಜಲು ಅದನ್ನು ಅಷ್ಟಾಗಿ ತೋರಿಸುವುದಿಲ್ಲ. ಇದನ್ನು ಮಾಡಲು ಹೊರಟವರು ವಿನೆಗರ್‌ನಲ್ಲಿ ಮೊಟ್ಟೆಯ ಚಿಪ್ಪು ಇಡುವುದೇ ಲೇಸು.

ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಆ ಪದರದ ಪಿಎಚ್ ಕುಸಿಯುತ್ತದೆ, ಮೇಲೇರಲು ಅರ್ಧ ಗಂಟೆಗೂ ಹೆಚ್ಚು ಬೇಕು. ಆದ್ದರಿಂದ ಎಷ್ಟು ತಿಂದೆವು ಎನ್ನುವುದಕ್ಕಿಂತ ಎಷ್ಟು ಸಲ ತಿಂದೆವು ಎನ್ನುವುದೇ ಮುಖ್ಯ. ಗಂಟೆಗೊಂದು ಚಾಕೊಲೇಟ್ ಚೀಪುವ ಮಗುವಿನ ಎನಾಮಲ್‌ಗೆ ಚೇತರಿಸಿಕೊಳ್ಳಲು ಬಿಡುವೇ ಇಲ್ಲ. ಈ ಮಾತು ನಮ್ಮ ಪಾಠದಲ್ಲಿ ಬರಲೇಬೇಕು.

ನನ್ನ ಅಭಿಪ್ರಾಯವಿಷ್ಟು. ಬೋಧನಾಭ್ಯಾಸದ ಅವಧಿಯಲ್ಲಿ ಪ್ರತಿ ವಿಜ್ಞಾನ ಪ್ರಶಿಕ್ಷಣಾರ್ಥಿಯೂ ಒಂದು ದಿನವನ್ನು ಹತ್ತಿರದ ಪ್ರಾಥಮಿಕ ಶಾಲೆಯ ಒಂದನೇ ತರಗತಿಗೆ ಕೊಡಲಿ. ಬಿಸಿಯೂಟಕ್ಕೆ ಮುಂಚೆ ಕೈ ತೊಳೆಸುವ ಅದೇ ನಲ್ಲಿಯಲ್ಲಿ ಊಟದ ನಂತರ ಬಾಯಿ ಮುಕ್ಕಳಿಸುವುದನ್ನು ರೂಢಿಸಲಿ. 2013ರಿಂದ ನಡೆದಿರುವ ಕ್ಷೀರಭಾಗ್ಯದ ಹಾಲು ಕುಡಿದ ಮೇಲೂ ಅಷ್ಟೇ. ಹಾಲು ಹಲ್ಲಿಗೆ ಒಳ್ಳೆಯದೇ, ಅದಕ್ಕೆ ಬೆರೆತ ಸಕ್ಕರೆಯ ಮಾತು ಬೇರೆ. ಮುಕ್ಕಳಿಸಿದರಷ್ಟೇ ಸಾಲದು ಎಂಬುದೂ ನಿಜ. ರಾತ್ರಿ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಬೇಕು, ಉಜ್ಜಿದ ಮೇಲೆ ನೊರೆ ಉಗುಳಿ ಸುಮ್ಮನಿರಬೇಕು, ನೀರು ಹಾಕಿ ಪೂರ್ತಿ ತೊಳೆದರೆ ಫ್ಲೋರೈಡೂ ಹೋಗುತ್ತದೆ. ಚಿಕ್ಕವರಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನುದ್ದಕ್ಕೂ ಹಾಕುವುದು ಮಾರಾಟಕ್ಕೆ.

ಇದು ಶಿಕ್ಷಕರ ಕೆಲಸವೇ ಎಂದು ಸಹಪಾಠಿಯೊಬ್ಬರು ಕೇಳಿದರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರು ಶಾಲೆಗೆ ಬಂದು ಹಲ್ಲನ್ನೂ ನೋಡುತ್ತಾರಲ್ಲ ಎಂದರು. ನೋಡುತ್ತಾರೆ. ಆದರೆ ಚೀಟಿ ಹಿಡಿದು ಆಸ್ಪತ್ರೆಗೆ ಹೋಗಲು ಅಪ್ಪನೋ ಅಮ್ಮನೋ ಒಂದು ದಿನದ ಕೂಲಿ ಬಿಡಬೇಕು. ನೋವಿಲ್ಲದ ಹಲ್ಲಿಗಾಗಿ ಯಾರು ಬಿಡುತ್ತಾರೆ? ನಮ್ಮ ಮಕ್ಕಳಿಗೆ ಕುಮಾರಸ್ವಾಮಿ ಲೇಔಟಿನಲ್ಲೊಂದು, ಜೆ.ಪಿ. ನಗರದಲ್ಲೊಂದು ದಂತ ವೈದ್ಯಕೀಯ ಕಾಲೇಜು ಬಸ್ಸಿನ ದೂರದಲ್ಲೇ ಇವೆ. ಆ ಹುಡುಗಿಯ ಮನೆಯವರಿಗೆ ಅದು ತಿಳಿದದ್ದು ಹಲ್ಲು ಕೀಳಿಸಿದ ಮೇಲೆ.

ಅವಳಿಗೆ ಎರಡನೇ ತರಗತಿಯ ತಮ್ಮನಿದ್ದಾನೆ. ಬೋಧನಾಭ್ಯಾಸದ ಕೊನೆಯ ವಾರ ಅವಳೇ ಬಂದು ಹೇಳಿದಳು: "ಹಿಂದ್ಗಡೆ ನಾಲ್ಕೂ ಬಂದಿದೆ ಮಿಸ್, ಒಂದರಲ್ಲಿ ಕಪ್ಪು ಗೆರೆ ಇದೆ. ಶನಿವಾರ ಕರ್ಕೊಂಡು ಹೋಗ್ತೀವಿ."