ಗೋಡೆಯ ಮೇಲಿನ ಅಜ್ಜನ ಕೋವಿ

ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಂದು ಕೊಡಗಿನ ಮನೆಗಳಲ್ಲಿ ಕೋವಿಗಳನ್ನು ಒರೆಸಿ, ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಮಲೆನಾಡಿನ ಹಳೆಯ ಮನೆಗಳಲ್ಲೂ ಗೋಡೆಗೆ ತೂಗುಹಾಕಿದ ಜೋಡುನಳಿಗೆ ಕೋವಿಗಳುಂಟು. ಅವುಗಳಲ್ಲಿ ಕೆಲವು ನೂರು ವರ್ಷ ದಾಟಿದ ವಿಲಾಯತಿ ಸರಕು. 'ಅಜ್ಜ ಇದರಲ್ಲೇ ಈಡು ಹೊಡೆಯುತ್ತಿದ್ದರು, ಏನೂ ಆಗಲಿಲ್ಲ' ಎಂಬ ಮಾತನ್ನು ಮನೆಯ ಹುಡುಗರು ಕೇಳಿಯೇ ಇರುತ್ತಾರೆ. ಆದರೆ ಅಜ್ಜನ ಕಾಲದಲ್ಲಿ ಗಟ್ಟಿಯಾಗಿದ್ದ ನಳಿಗೆ ಇಂದೂ ಗಟ್ಟಿಯಾಗಿದೆಯೇ? ಅದನ್ನು ತಿಳಿಯುವುದು ಹೇಗೆ?

ಮೊದಲು ಒಂದು ಲೆಕ್ಕ. ಅಡುಗೆ ಮನೆಯ ಪ್ರೆಷರ್ ಕುಕ್ಕರ್ ಸೀಟಿ ಹಾಕುವಾಗ ಅದರೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಸುಮಾರು ಒಂದು ಬಾರ್ ಹೆಚ್ಚು. ಇಂದಿನ ಸಾಮಾನ್ಯ 12 ಬೋರಿನ ತೋಟೆ ಸಿಡಿದಾಗ ನಳಿಗೆಯೊಳಗೆ 740 ಬಾರ್‌ವರೆಗೆ ಒತ್ತಡ ಏಳಬಹುದು. ಇಷ್ಟನ್ನೂ ತಡೆಯಬೇಕಾದದ್ದು ನಳಿಗೆಯ ತೆಳು ಗೋಡೆ. ಗೋಡೆಯ ದಪ್ಪ ಅರ್ಧವಾದರೆ ಲೋಹದ ಮೇಲೆ ಬೀಳುವ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಡೆಯಲಾರದೆ ನಳಿಗೆ ಬಿರಿದರೆ ಅಪಾಯ ಎದುರಿನ ಗುರಿಗಲ್ಲ. ನಳಿಗೆಯನ್ನು ಹಿಡಿದ ಎಡಗೈಗೆ, ಕಣ್ಣಿಗೆ.

ಪರೀಕ್ಷೆಯ ಮೊದಲ ಹೆಜ್ಜೆ ಕೋವಿ ಖಾಲಿಯೇ ಎಂದು ನೋಡುವುದು. ಇದು ಕೋವಿ ಬಲ್ಲ ಹಿರಿಯರ ಕೆಲಸ, ಮಕ್ಕಳದ್ದಲ್ಲ. ತೋಟಾ ಕೋವಿಯನ್ನು ಮುರಿದು ತೆರೆದರೆ ತಿಳಿಯುತ್ತದೆ. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಹಾಗೆ ತೆರೆದು ನೋಡುವಂತಿಲ್ಲ. ಬಾಯಿಗೆ ಅಡ್ಡವಾಗಿ ನಿಲ್ಲದೆ, ಪಕ್ಕದಿಂದ ಮರದ ಕಡ್ಡಿ ಇಳಿಸಿ, ಅದು ಇಳಿದ ಆಳವನ್ನು ನಳಿಗೆಯ ಹೊರ ಉದ್ದದೊಂದಿಗೆ ಹೋಲಿಸಬೇಕು. ಕಡ್ಡಿ ಮೊದಲೇ ನಿಂತರೆ ಒಳಗೆ ಮದ್ದು, ಚರೆ ಇರಬಹುದು. ಕರಿಮದ್ದು ಒಣಗಿದ್ದರೆ ಎಷ್ಟೋ ವರ್ಷಗಳ ನಂತರವೂ ಹೊತ್ತಿಕೊಳ್ಳಬಲ್ಲದು.

ಎರಡನೆಯದು ಮುದ್ರೆ. ಚಿನ್ನಕ್ಕೆ ಹಾಲ್‌ಮಾರ್ಕ್ ಇದ್ದಂತೆ ಕೋವಿಗೂ ಉಂಟು. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ರಾಜಸನದು ದೊರೆಯಿತು. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಮಾಮೂಲಿಗಿಂತ ಹೆಚ್ಚಿನ ಒತ್ತಡದ ಈಡು ಹಾರಿಸಿ, ತಾಳಿಕೊಂಡ ನಳಿಗೆಗೆ ಮಾತ್ರ ಮುದ್ರೆ ಒತ್ತುತ್ತಾರೆ. ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ ನಳಿಗೆಗೆ ಇಂದಿನ ಹೊಗೆರಹಿತ ಮದ್ದಿನ ತೋಟೆ ಹಾಕಬಾರದು. ಇನ್ನೊಂದು ಮಾತು: ಮುದ್ರೆ ಹೇಳುವುದು ಆ ದಿನದ ಸ್ಥಿತಿಯನ್ನು. ಹತ್ತನೇ ತರಗತಿಯ ಅಂಕಪಟ್ಟಿ ತೋರಿಸಿ ಇಂದಿನ ಪರೀಕ್ಷೆ ಪಾಸಾಗಲು ಬರುವುದಿಲ್ಲವಲ್ಲ!

ಆ ಬಳಿಕ ನಳಿಗೆ ಏನೇನು ಕಂಡಿತು? ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರುತ್ತದೆ. ತೊಳೆಯದೆ ಬಿಟ್ಟರೆ ತುಕ್ಕು ಹಿಡಿದು ಒಳಗೋಡೆಯಲ್ಲಿ ಸಣ್ಣ ಗುಳಿಗಳಾಗುತ್ತವೆ. ಯಾರೋ ಆ ಗುಳಿ ಉಜ್ಜಿ ಕನ್ನಡಿಯಂತೆ ಹೊಳಪಿಸಿದ್ದರೆ ಗೋಡೆ ಇನ್ನಷ್ಟು ತೆಳ್ಳಗಾಗಿದೆ ಎಂದೇ ಅರ್ಥ. ಹೊರಗೆ ಥಳುಕು, ಒಳಗೆ ಹುಳುಕು ಎಂಬ ಗಾದೆ ಇಲ್ಲಿ ಸಾಲದು. ಒಳಗಿನ ಥಳುಕನ್ನೂ ನಂಬುವಂತಿಲ್ಲ. ಕೋವಿಯಿಂದ ಬೇರ್ಪಡಿಸಿದ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಒಳಗೆ ಬಳೆಯಂತೆ ಕಪ್ಪು ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಎಂದು ಶಂಕಿಸಬೇಕು.

ಡಮಾಸ್ಕಸ್ ಎಂಬ ಹಳೆಯ ನಳಿಗೆಗಳದ್ದು ಬೇರೆ ಕತೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸರಳಿನ ಮೇಲೆ ಸುತ್ತಿ, ಕಾಯಿಸಿ ಬಡಿದು ಬೆಸೆದವು ಇವು. ಮೈಮೇಲೆ ಬಳ್ಳಿಯಂಥ ಚೆಂದದ ಗೆರೆ ಮೂಡಿರುತ್ತದೆ. ಆದರೆ ಬೆಸುಗೆಯ ಸಂದಿಯಲ್ಲಿ ಕಿಟ್ಟವೋ ತುಕ್ಕೋ ಅಡಗಿದ್ದರೆ ಕಣ್ಣಿಗೆ ಕಾಣದು.

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವುದಿಲ್ಲವೇ? ಕೋವಿ ಕೆಲಸದವರೂ ನಳಿಗೆಯನ್ನು ದಾರಕ್ಕೆ ತೂಗುಹಾಕಿ ಮೆಲ್ಲನೆ ತಟ್ಟುತ್ತಾರೆ. ಗಂಟೆಯಂತೆ ದನಿ ಹೊರಟರೆ ಸರಿ. ಮೊದ್ದು ದನಿ ಬಂದರೆ ಎರಡು ನಳಿಗೆಗಳ ನಡುವಿನ ಬೆಸುಗೆ ಬಿಟ್ಟಿರಬಹುದು. ಆದರೆ ದನಿ ಗೋಡೆಯ ದಪ್ಪವನ್ನು ಹೇಳುವುದಿಲ್ಲ. ಅದಕ್ಕೆ ಉದ್ದಕ್ಕೂ ಹಲವೆಡೆ ಅಳತೆಯ ಉಪಕರಣವೇ ಬೇಕು.

'ತೋಟೆ ಸರಿಯಾಗಿ ಕೂರುತ್ತದೆ' ಎಂಬ ಸಮಾಧಾನವೂ ಸಲ್ಲದು. ಅನೇಕ ಹಳೆಯ ಕೋವಿಗಳ ತೋಟೆಯ ಮನೆ 65 ಮಿಲಿಮೀಟರ್ ಉದ್ದ. ಇಂದಿನ ಬಹುಪಾಲು ತೋಟೆಗಳು 70 ಮಿಲಿಮೀಟರಿನವು. ಇದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಮಡಿಚಿದ ಬಾಯಿಯ ಹೊಸ ತೋಟೆ ಹಳೆಯ ಮನೆಯಲ್ಲಿ ಸಲೀಸಾಗಿ ಕೂರುತ್ತದೆ. ಸಿಡಿದು ಬಿಚ್ಚಿಕೊಳ್ಳುವಾಗ ಜಾಗ ಸಾಲದೆ ಒತ್ತಡ ಏರುತ್ತದೆ.

ಆದ್ದರಿಂದ ಪಾಲಕರು ಮಾಡಬೇಕಾದದ್ದು ಇಷ್ಟೆ. ಹಳೆಯ ಕೋವಿಯಿದ್ದರೆ ಪರವಾನಗಿ ಪಡೆದ ಕೋವಿ ರಿಪೇರಿಯವರಲ್ಲಿ ಅಳತೆ ಮಾಡಿಸಿ, ಅವರು ಸರಿ ಎನ್ನುವ ತನಕ ತೋಟೆ ಹಾಕಬೇಡಿ. ಹಬ್ಬಕ್ಕೆಂದು ಹಾರಿಸುವ ಒಂದೇ ಈಡಿಗೂ ಈ ಮಾತು ಅನ್ವಯಿಸುತ್ತದೆ. ಕೋವಿಗೆ ಬೀಗ ಹಾಕಿಡಿ. ತೋಟೆಗಳನ್ನು ಬೇರೆ ಕಡೆ ಇಡಿ. ಅಳತೆಯಲ್ಲಿ ಸೋತ ಕೋವಿಗೆ ಹೂ ಮುಡಿಸಿ ಪೂಜೆ ಮಾಡಲು ಯಾವ ಅಡ್ಡಿಯೂ ಇಲ್ಲ.