ಅಳತೆ ಕೇಳದ ಪ್ರೀತಿ

ಅಂಗಡಿಯಲ್ಲಿ ಅಚ್ಚುಕಟ್ಟಾದ ಸ್ವೆಟರುಗಳು ಬೇಕಾದಷ್ಟು ದೊರೆಯುವಾಗ ತಿಂಗಳುಗಟ್ಟಲೆ ಕುಳಿತು ಕೈಯಿಂದ ಹೆಣೆಯುವುದೇಕೆ ಎಂದು ಕೇಳುವವರುಂಟು. ಅವರ ಪ್ರಶ್ನೆ ನ್ಯಾಯವಾದುದೇ. ಒಳ್ಳೆಯ ಉಣ್ಣೆಯ ದಾರಕ್ಕೆ ತೆರುವ ಹಣದಲ್ಲಿ ಇಂದು ಸಿದ್ಧ ಉಡುಪೇ ಬಂದುಬಿಡುತ್ತದೆ. ಮಿತವ್ಯಯದ ವಾದ ಇಲ್ಲಿ ನಿಲ್ಲದು. ಉಳಿಯುವುದು ಪ್ರೀತಿಯ ವಾದವೊಂದೇ. ಆದರೆ ಅದನ್ನೂ ಪರೀಕ್ಷಿಸದೆ ಒಪ್ಪಬಾರದೆಂಬುದು ನಾನು ಅನುಭವದಿಂದ ಕಲಿತ ಪಾಠ.

ಕನ್ನಡಕ್ಕೆ ನೇಯ್ಗೆಯ ನಂಟು ಬಹಳ ಹಳೆಯದು. ವಚನಕಾರ ಜೇಡರ ದಾಸಿಮಯ್ಯ ನೇಕಾರ. 'ಹಾಸುಹೊಕ್ಕು' ಎಂಬ ಮಾತು ಮಗ್ಗವನ್ನು ಕಾಣದವರ ಬಾಯಲ್ಲೂ ಓಡಾಡುತ್ತದೆ. ಎರಡು ಕಡ್ಡಿ ಹಿಡಿದು ಸ್ವೆಟರು ಹಾಕುವ ಕಸುಬು ನಮ್ಮಲ್ಲಿ ಈಚಿನದು. ಆದರೂ ಅದಕ್ಕೆ ಹೊಸ ಶಬ್ದವನ್ನು ಹುಡುಕಬೇಕಾಗಲಿಲ್ಲ. ಜಡೆ ಹೆಣೆಯುವ, ಚಾಪೆ ಹೆಣೆಯುವ, ಬಲೆ ಹೆಣೆಯುವ ಕ್ರಿಯಾಪದವೇ ಸಾಕಾಯಿತು. ನೇಯ್ದ ಬಟ್ಟೆಯಲ್ಲಿ ಉದ್ದದ ಎಳೆ ಬೇರೆ, ಅಡ್ಡದ ಎಳೆ ಬೇರೆ. ಸ್ವೆಟರಿನಲ್ಲಾದರೋ ಒಂದೇ ಎಳೆ ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಆದುದರಿಂದಲೇ ಅದು ಮೈಯೊಡನೆ ಹಿಗ್ಗುತ್ತದೆ. ಮುಗಿಸಿದ ತುದಿಯನ್ನು ಬಿಡಿಸಿ ಎಳೆದರೆ ಸಾಲುಸಾಲಾಗಿ ಬಿಚ್ಚಿಯೂ ಬರುತ್ತದೆ. ಈ ಎರಡನೆಯ ಗುಣ ಎಂಥ ವರವೆಂದು ನನಗೆ ತಿಳಿದದ್ದು ತಡವಾಗಿ.

ಮಗಳು ಓದಲು ದೆಹಲಿಗೆ ಹೋದ ವರ್ಷ ಅಲ್ಲಿಯ ಜನವರಿಯ ಚಳಿಯ ಸುದ್ದಿ ಕೇಳಿ ನಾನು ದಾರ ತಂದೆ. ಅವಳಿಗೆ ಹೇಳಲಿಲ್ಲ, ಅನಿರೀಕ್ಷಿತವಾಗಿ ಕಳುಹಿಸುವುದರಲ್ಲಿ ನನಗೊಂದು ಸಡಗರ. ಮೊದಲು ಅಂಗೈಯಗಲದ ಮಾದರಿ ತುಂಡನ್ನು ಹೆಣೆದು ಎಣಿಸಿದೆ: 4 ಅಂಗುಲಕ್ಕೆ 22 ಕುಣಿಕೆ, 28 ಸಾಲು. ಎದೆಯ ಸುತ್ತಳತೆ 32 ಅಂಗುಲವೆಂದು ನೆನಪಿನಿಂದಲೇ ಹಿಡಿದು, ಸಡಿಲಕ್ಕೆಂದು 2 ಅಂಗುಲ ಸೇರಿಸಿ, ಒಟ್ಟು 187 ಕುಣಿಕೆಗಳ ಲೆಕ್ಕ ಹಾಕಿದೆ. ತೋಳುಗಳೂ ಸೇರಿ ಇಡೀ ಸ್ವೆಟರಿಗೆ 40,000 ಕುಣಿಕೆಗಳಿಗೆ ಕಡಿಮೆಯಾಗಲಿಲ್ಲ. ಎದೆಯ ಮೇಲೆ ಹೂಗಳ ಸಾಲೊಂದನ್ನೂ ತೆಗೆದೆ.

ಬೇಸಗೆಯ ರಜೆಗೆ ಬಂದವಳ ಪೆಟ್ಟಿಗೆಯಲ್ಲಿ ಆ ಸ್ವೆಟರು ನಾನು ಕಳುಹಿಸುವಾಗ ಮಡಿಸಿದ್ದ ಮಡಿಕೆಯಲ್ಲೇ ಇತ್ತು. ನನಗೆ ಸಿಟ್ಟು ಬಂತು. ಕಣ್ಣು ಕೆಡಿಸಿಕೊಂಡ ರಾತ್ರಿಗಳ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಅವಳು ಉತ್ತರ ಕೊಡಲಿಲ್ಲ. ಸ್ವೆಟರನ್ನು ತೊಟ್ಟುಕೊಂಡು ನನ್ನೆದುರು ನಿಂತಳು. ತೋಳು ಮಣಿಕಟ್ಟಿಗೆ ಎರಡು ಅಂಗುಲ ಮೊದಲೇ ಮುಗಿದಿತ್ತು, ಭುಜ ಬಿಗಿದಿತ್ತು. ಹದಿನಾಲ್ಕರ ಹುಡುಗಿಗೆ ಒಪ್ಪುತ್ತಿದ್ದ ಹೂಗಳು ಆ ದೊಡ್ಡ ಹೆಣ್ಣಿನ ಎದೆಯ ಮೇಲೆ ಪೆಚ್ಚಾಗಿ ಕುಳಿತಿದ್ದವು.

"ನೀನು ಹೆಣೆದದ್ದೆಂದು ಯಾರಿಗೂ ಕೊಡಲು ಮನಸ್ಸು ಬರಲಿಲ್ಲಮ್ಮ," ಎಂದಳು. "ಬಿಚ್ಚಿ ಮತ್ತೆ ಹೆಣೆದುಕೊಡು. ಈ ಸಲ ಅಳತೆ ತೆಗೆದುಕೊ."

ಎರಡು ಸಂಜೆ ಕೂತು ಬಿಚ್ಚಿದೆವು. ಅವಳು ಎರಡು ಕೈ ಚಾಚಿ ಕುಳಿತಳು. ನಾನು ಎಳೆದೆಳೆದು ಅವಳ ಕೈಗಳಿಗೆ ದಾರ ಸುತ್ತಿದೆ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ ನೆರಳಿನಲ್ಲಿ ತೂಗುಹಾಕಿದಾಗ ದಾರದ ಸುರುಳಿಗಳು ಬಹುಮಟ್ಟಿಗೆ ನೆಟ್ಟಗಾದವು. ಹೊಸ ಅಳತೆ 36 ಅಂಗುಲ. ಸಡಿಲವೂ ಸೇರಿ 209 ಕುಣಿಕೆ. ನನ್ನ ನೆನಪಿನ ಮಗಳಿಗೂ ಎದುರಿಗಿದ್ದ ಮಗಳಿಗೂ ನಡುವೆ 22 ಕುಣಿಕೆಗಳ ಅಂತರವಿತ್ತು! ಇನ್ನಷ್ಟು ದಾರ ಬೇಕಾಯಿತು. ಬಣ್ಣದ ಹೆಸರು ಒಂದೇ ಆದರೂ ಬೇರೆ ಬೇರೆ ಸಲ ಅದ್ದಿದ ದಾರಗಳ ಛಾಯೆ ಹೊಂದುವುದಿಲ್ಲ. ಕೊರಳಿಗೂ ಮುಂಗೈಗೂ ಬೂದುಬಣ್ಣದ ದಾರ ಹಾಕೋಣವೆಂದವಳು ಅವಳೇ. ಹೂಗಳನ್ನು ಕೈಬಿಟ್ಟೆವು.

ಎಳೆಯ ಮಗುವಿಗೆ ಹೆಣೆಯುವುದು ಪಾಲನೆಯ ಒಂದು ಅಂಗ. ಜಡೆಗೆ ತಲೆಯೊಡ್ಡಿ ಕೂತಂತೆ, ತೊಡಿಸಿದ್ದನ್ನು ಅದು ತೊಡುತ್ತದೆ. ಬೆಳೆದವರಿಗೆ ಹೆಣೆಯುವುದು ಕೊಡುಗೆ. ಬೇಡವೆನ್ನುವ ಸ್ವಾತಂತ್ರ್ಯ ಪಡೆಯುವವರಿಗೆ ಇದ್ದಾಗಲೇ ಕೊಡುಗೆಗೆ ಬೆಲೆ. ಈ ಕಾಲದ ಮಕ್ಕಳಿಗೆ ಕೃತಜ್ಞತೆಯಿಲ್ಲವೆಂದು ನಾವು, ಅದರಲ್ಲೂ ಅಧ್ಯಾಪಕರು, ಬಹಳ ಸಲ ದೂರುತ್ತೇವೆ. ನಾವು ಕೊಟ್ಟದ್ದು ಅವರಿಗೋ, ನಮ್ಮ ನೆನಪಿನಲ್ಲಿರುವ ಮಕ್ಕಳಿಗೋ ಎಂದು ಕೇಳಿಕೊಳ್ಳುವುದು ಅಪೂರ್ವ. ಬಿಗಿಯಾದ ಸ್ವೆಟರನ್ನು ಹೊಗಳಿ ಪೆಟ್ಟಿಗೆಯಲ್ಲಿಡುವುದು ಸೌಜನ್ಯ ಮಾತ್ರ. ಅದನ್ನು ಬಿಚ್ಚಲು ನಮ್ಮೊಡನೆ ಕೈ ಚಾಚಿ ಕೂರುವುದು ಕೃತಜ್ಞತೆ. ಅಂಥ ಮಕ್ಕಳಿಗಾಗಿ ಎಷ್ಟು ಸಾವಿರ ಕುಣಿಕೆಗಳನ್ನಾದರೂ ಹಾಕಬಹುದು. ಆದರೆ ಮೊದಲು ಅಳತೆ ಕೇಳಬೇಕು.

ಎರಡು ಚಳಿಗಾಲ ಕಳೆದ ಮೇಲೆ ಮಗಳು ಆ ಸ್ವೆಟರನ್ನು ಮತ್ತೆ ನನ್ನ ಮುಂದಿಟ್ಟಳು. ಮೊಣಕೈಗಳೆರಡೂ ಸವೆದು ಆಚೆಯ ಬೆಳಕು ಕಾಣುತ್ತಿತ್ತು. ಅಷ್ಟು ದೊಡ್ಡ ಹೊಗಳಿಕೆ ನನ್ನ ಯಾವ ಬರಹಕ್ಕೂ ಈವರೆಗೆ ದೊರೆತಿಲ್ಲ. ಬೂದುಬಣ್ಣದ ದಾರ ಅರ್ಧ ಉಂಡೆ ಉಳಿದಿತ್ತು. ಕಡ್ಡಿಗಳನ್ನು ಹುಡುಕಿ ತಂದೆ.