ಡ್ರೈವ್‌ನ ಅಕ್ಷರ ಬದಲಾದರೆ ಗಾಬರಿ ಬೇಡ

ಮದುವೆಯ ಫೋಟೋ, ಮಗುವಿನ ಮೊದಲ ಹೆಜ್ಜೆಯ ವಿಡಿಯೋ, ತೀರಿಹೋದ ಅಜ್ಜಿಯ ಧ್ವನಿ- ಇವೆಲ್ಲ ಈಗ ಹೆಚ್ಚಾಗಿ ಹಾರ್ಡ್ ಡಿಸ್ಕ್‌ನಲ್ಲಿರುತ್ತವೆ. ನಿನ್ನೆ 'ಇ' ಎಂದಿದ್ದ ಡಿಸ್ಕ್ ಇಂದು 'ಎಫ್' ಎಂದು ತೋರಿಸಿದರೆ, ಇಲ್ಲವೇ ಕಾಣಿಸದೇ ಹೋದರೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಆ ಅಕ್ಷರ ಮನೆಯ ಬಾಗಿಲಿಗೆ ಹೊಡೆದ ನಂಬರಿನಂತೆ. ನಂಬರ್ ಬದಲಾದರೆ ಒಳಗಿನ ಸಾಮಾನು ಕದಲುವುದಿಲ್ಲ. ಹಳೆಯ ನಂಬರ್ ನಂಬಿ ಬರುವವರಿಗೆ ಮಾತ್ರ ದಾರಿ ತಪ್ಪುತ್ತದೆ.

ಹಾರ್ಡ್ ಡಿಸ್ಕ್ 'ಸಿ'ಯಿಂದಲೇ ಏಕೆ ಶುರುವಾಗುತ್ತದೆಂದು ಮಕ್ಕಳು ಕೇಳಬಹುದು. 1981ರ ಐಬಿಎಂ ಪಿಸಿಯಲ್ಲಿ 'ಎ' ಮತ್ತು 'ಬಿ' ಫ್ಲಾಪಿಗಳ ಪಾಲಾಗಿದ್ದವು. 1983ರ ಪಿಸಿ ಎಕ್ಸ್‌ಟಿಯಲ್ಲಿ ಹಾರ್ಡ್ ಡಿಸ್ಕ್ ಬಂದಾಗ ಅದಕ್ಕೆ 'ಸಿ' ಸಿಕ್ಕಿತು. ಅದರ ಜಾಗ ಬರೀ 10 ಮೆಗಾಬೈಟ್! ಇಂದಿನ ಮೊಬೈಲಿನ ಎರಡು ಮೂರು ಫೋಟೋಗಳಿಗೆ ಅದು ತುಂಬಿಹೋಗುತ್ತದೆ.

ಹೊರಗಿನಿಂದ ಜೋಡಿಸುವ ಡಿಸ್ಕ್‌ಗೆ ವಿಂಡೋಸ್ ಆ ಹೊತ್ತಿಗೆ ಖಾಲಿ ಇರುವ ಅಕ್ಷರವನ್ನು ಕೊಡುತ್ತದೆ. ಪೆನ್ ಡ್ರೈವ್ ಮೊದಲೇ ಚುಚ್ಚಿದ್ದರೆ ಅಕ್ಷರ ಮುಂದೆ ಸರಿಯಬಹುದು. ಪ್ರತಿ ವಾರ ತಾನಾಗಿಯೇ ಫೋಟೋಗಳ ನಕಲು ತೆಗೆಯುವ ತಂತ್ರಾಂಶ ಆಗ ಡಿಸ್ಕ್ ಸಿಗದೆ ಸುಮ್ಮನಾಗಬಹುದು. ಅದು ನಿಮ್ಮ ಗಮನಕ್ಕೆ ಬರುವುದು ತಿಂಗಳುಗಳ ನಂತರ. ಆದ್ದರಿಂದ ಇಂತಹ ಡಿಸ್ಕ್‌ಗೆ ದೂರದ ಒಂದು ಅಕ್ಷರವನ್ನು, ಉದಾಹರಣೆಗೆ 'ಪಿ'ಯನ್ನು ಕೊಟ್ಟುಬಿಡಿ.

ವಿಂಡೋಸ್ 10 ಅಥವಾ 11ರಲ್ಲಿ ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ನಿಮ್ಮ ಡಿಸ್ಕ್‌ನ ಮೇಲೆ ರೈಟ್ ಕ್ಲಿಕ್ ಮಾಡಿ 'ಚೇಂಜ್ ಡ್ರೈವ್ ಲೆಟರ್ ಆಂಡ್ ಪಾತ್ಸ್' ಆರಿಸಿ. ನಂತರ 'ಚೇಂಜ್' ಒತ್ತಿ, ಬೇಕಾದ ಅಕ್ಷರ ಆರಿಸಿ, 'ಓಕೆ' ಕೊಡಿ. ಕೆಲವು ಪ್ರೋಗ್ರಾಮ್‌ಗಳು ಕೆಲಸ ಮಾಡದಿರಬಹುದೆಂಬ ಎಚ್ಚರಿಕೆ ಬರುತ್ತದೆ. ಫೋಟೋಗಳಷ್ಟೇ ಇರುವ ಡಿಸ್ಕ್ ಆದರೆ 'ಯೆಸ್' ಎನ್ನಲು ಅಂಜಬೇಕಿಲ್ಲ. ನಕಲು ತೆಗೆಯುವ ತಂತ್ರಾಂಶಕ್ಕೂ ಹೊಸ ಅಕ್ಷರವನ್ನು ತಿಳಿಸಿಡಿ. ಆದರೆ ಪ್ರೋಗ್ರಾಮ್‌ಗಳನ್ನು 'ಡಿ'ಯಲ್ಲಿ ಹಾಕಿಸಿದ್ದರೆ ಅದನ್ನು ಮುಟ್ಟಬೇಡಿ. 'ಸಿ'ಯ ಮಾತಂತೂ ಬೇಡವೇ ಬೇಡ, ವಿಂಡೋಸ್ ತಾನೇ ಒಪ್ಪುವುದಿಲ್ಲ.

ಡಿಸ್ಕ್ ಕಾಣಿಸದಿದ್ದಾಗಲೂ ಇಲ್ಲಿಯೇ ನೋಡಿ. ಕೆಲವೊಮ್ಮೆ ಅದು ಅಕ್ಷರವಿಲ್ಲದೆ ಸುಮ್ಮನೆ ಕುಳಿತಿರುತ್ತದೆ. 'ಆ್ಯಡ್' ಒತ್ತಿ ಅಕ್ಷರ ಕೊಟ್ಟರೆ ಸಾಕು. (ಕಂಪ್ಯೂಟರಿನ ಸ್ವಂತ ಡಿಸ್ಕ್‌ನಲ್ಲಿ ಕಾಣುವ ಅಕ್ಷರವಿಲ್ಲದ ಸಣ್ಣ ಭಾಗಗಳು ವಿಂಡೋಸ್‌ನವು, ಅವುಗಳಿಗೆ ಕೈಹಾಕಬೇಡಿ.) 'ರಾ' ಅಥವಾ 'ಅನ್‌ಅಲೊಕೇಟೆಡ್' ಎಂದು ಬಂದರೆ, 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಿದರೆ, 'ಕ್ಯಾನ್ಸಲ್' ಒತ್ತಿ ಡಿಸ್ಕ್ ಕಳಚಿಡಿ. ಅಂಗಡಿಗೆ ಒಯ್ದರೆ, "ಮೊದಲು ಫೋಟೋ ತೆಗೆದುಕೊಡಿ, ಆಮೇಲೆ ರಿಪೇರಿ" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಫಾರ್ಮ್ಯಾಟ್ ಮಾಡಿ, 'ಸರಿಯಾಯಿತು ಮೇಡಂ' ಎಂದು ಕೊಡುವವರೂ ಇದ್ದಾರೆ.

ನೀವು ಕೊಟ್ಟ ಅಕ್ಷರ ನಿಮ್ಮ ಕಂಪ್ಯೂಟರಿಗೆ ಮಾತ್ರ. ತಂಗಿಯ ಮನೆಯಲ್ಲಿ ಅದೇ ಡಿಸ್ಕ್ 'ಜಿ' ಆಗಬಹುದು. ಹೆಸರು ಹಾಗಲ್ಲ, ಅದು ಡಿಸ್ಕ್‌ನ ಜೊತೆಗೇ ಹೋಗುತ್ತದೆ. ಡ್ರೈವ್‌ನ ಮೇಲೆ ರೈಟ್ ಕ್ಲಿಕ್ ಮಾಡಿ 'ರಿನೇಮ್' ಆರಿಸಿ, 'ಮನೆ ಫೋಟೋ' ಎಂದು ಬರೆದಿಡಿ.